ಸೆಕೆಂಡಿಗೆ ನಲವತ್ತು ಲಕ್ಷ ಕೋಟಿ

ಅಮೃತಹಳ್ಳಿ ಮುಖ್ಯರಸ್ತೆಯಲ್ಲಿ, ಔಷಧಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ, ತೆರಿಗೆ ಸಲಹೆಗಾರರೊಬ್ಬರ ಪುಟ್ಟ ಕಚೇರಿ ಇದೆ. ಮೂರು ಮೇಜು, ಮೂರು ಕಂಪ್ಯೂಟರು, ಗೋಡೆಯುದ್ದಕ್ಕೂ ಫೈಲುಗಳ ಕಪಾಟು. ಸುತ್ತಲಿನ ಬಡಾವಣೆಗಳ ಕಿರಾಣಿ ಅಂಗಡಿಯವರು, ಹಾರ್ಡ್‌ವೇರ್ ವ್ಯಾಪಾರಿಗಳು, ನಿವೃತ್ತ ನೌಕರರು, ನಿವೇಶನ ಮಾರಿ ಹಣ ಕಂಡ ಹಳೆಯ ಊರವರು, ಎಲ್ಲರ ಗುಟ್ಟೂ ಆ ಕಪಾಟಿನಲ್ಲಿದೆ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ ನಿಂತಿತು. ಕಚೇರಿಯ ಮೂರೂ ಯಂತ್ರಗಳು ವಿಂಡೋಸ್ 11ಕ್ಕೆ ಏರಲಾರದಷ್ಟು ಹಳೆಯವು. ಹೇಗೂ ಹೊಸದು ಕೊಳ್ಳಬೇಕು, ಕೊಳ್ಳುವುದಾದರೆ ಕೃತಕ ಬುದ್ಧಿಮತ್ತೆಯದೇ ಇರಲಿ ಎಂದು ಯಜಮಾನರು ಮನಸ್ಸು ಮಾಡಿದರು. ಬಿಲ್ಲು ಓದುವುದು, ನೋಟಿಸಿನ ಸಾರಾಂಶ ತೆಗೆಯುವುದು, ಹಳೆಯ ಕ್ರಯಪತ್ರಗಳಿಂದ ಬೇಕಾದ್ದನ್ನು ಹೆಕ್ಕುವುದು ಇನ್ನು ಯಂತ್ರದ ಪಾಲು. ಇಪ್ಪತ್ತು ವರ್ಷಗಳಿಂದ ಆ ಕೆಲಸಗಳನ್ನೇ ಮಾಡಿಕೊಂಡು ಬಂದಿದ್ದ ಟೈಪಿಸ್ಟ್ ಹೆಂಗಸು ಏನೂ ಮಾತಾಡಲಿಲ್ಲ.

ಎಸ್.ಪಿ. ರಸ್ತೆಯ ಅಂಗಡಿಯಾತ ಒಂದು ಲ್ಯಾಪ್‌ಟಾಪ್ ತೋರಿಸಿ, ‘ನಲವತ್ತು ಟಾಪ್ಸ್ ಇದೆ ಸಾರ್, ಕಣ್ಣು ಮುಚ್ಚಿ ತಗೊಳ್ಳಿ’ ಎಂದ. ಕಣ್ಣು ಮುಚ್ಚಿ ಕೊಳ್ಳುವುದು ಲೆಕ್ಕದವರ ಜಾಯಮಾನವಲ್ಲ. ಯಜಮಾನರು ವಿವರ ಕೇಳಿಕೊಂಡು ಬರಿಗೈಯಲ್ಲಿ ಮರಳಿದರು.

ಟಾಪ್ಸ್ ಎಂದರೆ ಸೆಕೆಂಡಿಗೆ ಎಷ್ಟು ಲಕ್ಷ ಕೋಟಿ ಲೆಕ್ಕ ಎಂಬ ಅಳತೆ. ಕೃತಕ ಬುದ್ಧಿಮತ್ತೆ ಮಾಡುವುದೆಲ್ಲ ಮೂಲದಲ್ಲಿ ಗುಣಾಕಾರ ಮತ್ತು ಸಂಕಲನವೇ. ಅದನ್ನು ಕಡಿಮೆ ವಿದ್ಯುತ್ತಿನಲ್ಲಿ ಮಾಡಲೆಂದೇ ಪ್ರೊಸೆಸರ್‌ನೊಳಗೆ ಎನ್‌ಪಿಯು ಎಂಬ ಪ್ರತ್ಯೇಕ ಭಾಗವಿರುತ್ತದೆ. 2024ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ‘ಕೋಪೈಲಟ್ ಪ್ಲಸ್ ಪಿಸಿ’ ಎಂಬ ಹೊಸ ವರ್ಗವನ್ನು ಪ್ರಕಟಿಸಿ, ಕನಿಷ್ಠ 40 ಟಾಪ್ಸ್‌ನ ಎನ್‌ಪಿಯು, 16 ಜಿಬಿ ಸ್ಮರಣೆ, 256 ಜಿಬಿ ಸಂಗ್ರಹ ಇರಲೇಬೇಕೆಂದು ಗೆರೆ ಎಳೆಯಿತು. 2023ರ ಡಿಸೆಂಬರ್‌ನಲ್ಲಿ ಬಂದ ಇಂಟೆಲ್‌ನ ಮೊದಲ ಕೋರ್ ಅಲ್ಟ್ರಾ ಚಿಪ್ಪುಗಳ ಎನ್‌ಪಿಯು ಶಕ್ತಿ 11 ಟಾಪ್ಸ್ ಆಸುಪಾಸಿನದು. ಅವನ್ನೂ ‘ಎಐ ಪಿಸಿ’ ಎಂದೇ ಮಾರಲಾಯಿತು. ಹೆಸರು ಒಂದೇ, ಶಕ್ತಿಯಲ್ಲಿ ನಾಲ್ಕು ಪಟ್ಟು ಅಂತರ.

ಆದರೆ ಟಾಪ್ಸ್ ಒಂದೇ ಸಾಲದು. ಎಂಟುನೂರು ಕೋಟಿ ಅಂಕಿಗಳ ಒಂದು ಸಾಧಾರಣ ಭಾಷಾ ಮಾದರಿಯನ್ನು ತೆಗೆದುಕೊಳ್ಳಿ. ಒಂದೊಂದು ಅಂಕಿಯನ್ನು ಅರ್ಧ ಬೈಟಿಗೆ ಕುಗ್ಗಿಸಿದರೂ ಅದಕ್ಕೆ ನಾಲ್ಕು ಜಿಬಿ ಸ್ಮರಣೆ ಬೇಕು. ಕುಗ್ಗಿಸದೆ ಎರಡೆರಡು ಬೈಟಿನಲ್ಲಿಟ್ಟರೆ ಹದಿನಾರು. ಉತ್ತರದ ಒಂದೊಂದು ಪದತುಣುಕು ಹೊರಬರುವಾಗಲೂ ಈ ಅಂಕಿಗಳೆಲ್ಲ ಸ್ಮರಣೆಯಿಂದ ಒಮ್ಮೆ ಹರಿದುಬರಬೇಕು. ಮಹಡಿ ಮೇಲಿನ ಟ್ಯಾಂಕು ಎಷ್ಟೇ ದೊಡ್ಡದಿರಲಿ, ಕೆಳಗಿನ ಬಕೆಟ್ಟು ಎಷ್ಟು ಬೇಗ ತುಂಬುತ್ತದೆಂಬುದನ್ನು ನಿರ್ಧರಿಸುವುದು ಪೈಪಿನ ಅಗಲ. ಡಿಡಿಆರ್5-5600 ಸ್ಮರಣೆಯನ್ನು ಜೋಡಿಯಾಗಿ ಹಾಕಿದರೆ ಆ ಪೈಪಿನಲ್ಲಿ ಸೆಕೆಂಡಿಗೆ ಸುಮಾರು 90 ಜಿಬಿ ಹರಿಯಬಲ್ಲದು. ನಾಲ್ಕರಿಂದ ಭಾಗಿಸಿದರೆ ಸೆಕೆಂಡಿಗೆ ಹೆಚ್ಚೆಂದರೆ ಇಪ್ಪತ್ತೆರಡು ತುಣುಕು. ಮಧ್ಯಮ ದರ್ಜೆಯ ಹಲವು ಗ್ರಾಫಿಕ್ಸ್ ಕಾರ್ಡುಗಳಲ್ಲಿ ಈ ಹರಿವು ಮೂರು ನಾಲ್ಕು ಪಟ್ಟು. ಎನ್‌ಪಿಯುವಿನ ದೊಡ್ಡ ಗುಣ ಬ್ಯಾಟರಿಯ ಉಳಿತಾಯ. ಸದಾ ಗೋಡೆಯ ಪ್ಲಗ್ಗಿಗೆ ಅಂಟಿಕೊಂಡೇ ಇರುವ ಕಚೇರಿ ಯಂತ್ರಕ್ಕೆ ಆ ಗುಣ ಅಷ್ಟಾಗಿ ದಕ್ಕದು.

ಕನ್ನಡದ ಕಚೇರಿಗೆ ಇನ್ನೂ ಎರಡು ತೊಡಕುಗಳಿವೆ. ಕನ್ನಡ ಕಡಿಮೆ ಕಲಿತ ಮಾದರಿಗಳು ನಮ್ಮ ಪದಗಳನ್ನು ಇಂಗ್ಲಿಷಿಗಿಂತ ಹೆಚ್ಚು ತುಣುಕು ಮಾಡುತ್ತವೆ. ಹಾಗಾಗಿ ಅಂಗಡಿಯಲ್ಲಿ ಇಂಗ್ಲಿಷಿನಲ್ಲಿ ಓಡಿದ ಯಂತ್ರ ಕನ್ನಡದಲ್ಲಿ ಏದುಸಿರು ಬಿಡುತ್ತದೆ. ಎರಡನೆಯದು ಹಳೆಯ ಫೈಲುಗಳದು. ಯೂನಿಕೋಡ್‌ಗೆ ಮೊದಲಿನ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಟೈಪಾದದ್ದು ನಮ್ಮ ಕಣ್ಣಿಗೆ ಕನ್ನಡ. ಯಂತ್ರಕ್ಕೆ ಅದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಮೊದಲು ಯೂನಿಕೋಡ್‌ಗೆ ಪರಿವರ್ತಿಸದೆ ಯಾವ ಟಾಪ್ಸೂ ಉಪಯೋಗಕ್ಕೆ ಬಾರದು.

ಇಷ್ಟೆಲ್ಲ ಲೆಕ್ಕ ನಡೆದಿರುವಾಗಲೇ ಕಚೇರಿಯಲ್ಲಿ ಒಂದು ಸಂಗತಿ ನಡೆಯಿತು. ಸಹಾಯಕ ಹುಡುಗ ಗಿರಾಕಿಯೊಬ್ಬರ ಕ್ರಯಪತ್ರವನ್ನೂ ಬ್ಯಾಂಕ್ ವಿವರವನ್ನೂ ಇಂಟರ್‌ನೆಟ್ಟಿನ ಯಾವುದೋ ಉಚಿತ ಸೇವೆಗೆ ಹಾಕಿ, ಅರೆಗಳಿಗೆಯಲ್ಲಿ ಸಾರಾಂಶ ತೆಗೆದು ಯಜಮಾನರ ಮುಂದಿಟ್ಟ. ಅವರು ಬೆನ್ನು ತಟ್ಟುವಷ್ಟರಲ್ಲಿ ಟೈಪಿಸ್ಟ್ ಹೆಂಗಸು ಮೆಲ್ಲನೆ ಕೇಳಿದರು: ‘ಆ ಕಾಗದ ಈಗ ಎಲ್ಲಿದೆ?’

ಯಾರಲ್ಲೂ ಉತ್ತರವಿರಲಿಲ್ಲ. ಕಪಾಟಿಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಕಚೇರಿಯಿಂದ ಗಿರಾಕಿಯ ಗುಟ್ಟು ಕಿಟಕಿಯಲ್ಲಿ ಹಾರಿಹೋಗಿತ್ತು. ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಸಂಸತ್ತು 2023ರಲ್ಲೇ ಕಾಯ್ದೆ ಮಾಡಿದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಕಾಯ್ದೆಯ ಮಾತು ಹಾಗಿರಲಿ, ನಂಬಿ ಕಾಗದ ಕೊಟ್ಟವರ ಮುಖ ನೋಡುವುದು ಹೇಗೆ? ಆ ರಾತ್ರಿ ಯಜಮಾನರಿಗೆ ನಿದ್ದೆ ಬರಲಿಲ್ಲ. ಮರುದಿನ ಆ ಗಿರಾಕಿಗೆ ಫೋನು ಮಾಡಿ, ಆದದ್ದನ್ನು ಹೇಳಿ ಕ್ಷಮೆ ಕೇಳಿದರು.

ಅಲ್ಲಿಂದ ಆಯ್ಕೆಯ ಪ್ರಶ್ನೆಯೇ ಬದಲಾಯಿತು. ಎಷ್ಟು ಟಾಪ್ಸ್ ಎಂಬುದು ಹಿಂದೆ ಸರಿದು, ಯಾವ ಕೆಲಸ ಈ ಕೋಣೆ ಬಿಟ್ಟು ಹೊರಗೆ ಹೋಗಬಾರದು ಎಂಬುದು ಮುಂದೆ ಬಂತು. ಹೊರಗಿನ ದತ್ತಾಂಶ ಕೇಂದ್ರದಲ್ಲಿ ನಡೆಯುವ ಬುದ್ಧಿಮತ್ತೆಗೆ ಮೇಜಿನ ಮೇಲೆ ಸಾಧಾರಣ ಯಂತ್ರವೇ ಸಾಕು. ಅಲ್ಲಿ ನಮ್ಮ ಟಾಪ್ಸ್ ಕೆಲಸ ಮಾಡುವುದಿಲ್ಲ. ಒಳಗೇ ನಡೆಯಬೇಕಾದ್ದಕ್ಕೆ ಮಾತ್ರ ಶಕ್ತಿಯುಳ್ಳದ್ದು ಬೇಕು. ಯಂತ್ರದೊಳಗೇ ಬುದ್ಧಿಮತ್ತೆ ಎಂಬ ಯೋಚನೆ ನಮ್ಮ ಸರ್ಕಾರಕ್ಕೂ ಬಂದಿದೆ. 2025ರ ನವೆಂಬರ್‌ನಲ್ಲಿ ಬೆಂಗಳೂರು ಟೆಕ್ ಸಮ್ಮಿಟ್‌ನಲ್ಲಿ ಕಿಯೋನಿಕ್ಸ್ ಹೊರತಂದ ‘ಕಿಯೋ’ ಎಂಬ ಅಗ್ಗದ ಕಂಪ್ಯೂಟರ್ ಅಂಥದ್ದೇ ಪ್ರಯತ್ನ. ಮುಕ್ತ ವಿನ್ಯಾಸದ ರಿಸ್ಕ್-ಫೈವ್ ಪ್ರೊಸೆಸರ್ ಮತ್ತು ಲಿನಕ್ಸ್ ಮೇಲೆ ನಡೆಯುವ ಅದರ ಮುಖ್ಯ ಗುರಿ ವಿದ್ಯಾರ್ಥಿಗಳು.

ಯಜಮಾನರು ಮತ್ತೆ ಎಸ್.ಪಿ. ರಸ್ತೆಗೆ ಹೋದಾಗ ಜೊತೆಗೆ ಟೈಪಿಸ್ಟ್ ಹೆಂಗಸೂ ಇದ್ದರು. ಕೈಯಲ್ಲೊಂದು ಪೆನ್‌ಡ್ರೈವ್, ಅದರಲ್ಲಿ ಹೆಸರು ಮರೆಮಾಡಿದ ಒಂದು ಜಿಎಸ್‌ಟಿ ಬಿಲ್ಲು, ಒಂದು ನೋಟಿಸು, ಒಂದು ಹಳೆಯ ಕನ್ನಡ ಕ್ರಯಪತ್ರ. ‘ಇಂಟರ್‌ನೆಟ್ ತೆಗೆದು ಓಡಿಸಿ’ ಎಂದರು. ನಲವತ್ತು ಟಾಪ್ಸ್‌ನ ಲ್ಯಾಪ್‌ಟಾಪಿನಲ್ಲಿ ಅಂಗಡಿಯಾತ ಹೊಗಳುತ್ತಿದ್ದ ತಂತ್ರಾಂಶ ಕೂಡಲೇ ಸಂಪರ್ಕ ಬೇಕೆಂದು ಹಟ ಹಿಡಿಯಿತು. ಕೊನೆಗೆ ಆರಿಸಿದ್ದು ಒಂದು ಡೆಸ್ಕ್‌ಟಾಪ್: 32 ಜಿಬಿ ಸ್ಮರಣೆ, ಮುಂದೆ ಬೆಳೆಸಲು ಖಾಲಿ ಜಾಗ, 12 ಜಿಬಿಯ ಗ್ರಾಫಿಕ್ಸ್ ಕಾರ್ಡು. ತೆಳ್ಳಗಿನ ಹಲವು ಲ್ಯಾಪ್‌ಟಾಪುಗಳಲ್ಲಿ ಸ್ಮರಣೆಯನ್ನು ಬೆಸೆದೇ ಬಿಟ್ಟಿರುತ್ತಾರೆ, ಆಮೇಲೆ ಹೆಚ್ಚಿಸುವಂತಿಲ್ಲ. ಉಳಿದ ಎರಡು ಮೇಜಿಗೆ ಸಾಧಾರಣ ಯಂತ್ರಗಳೇ ಬಂದವು.

ಹೊಸ ಯಂತ್ರ ಮೊದಲ ವಾರ ಚೆನ್ನಾಗಿಯೇ ಓದಿತು. ಒಂದು ಸಂಜೆ ಹಳೆಯ ಕ್ರಯಪತ್ರವೊಂದರ ಅಳತೆಯನ್ನು 20 ಅಡಿ, 40 ಅಡಿ ಎಂದು ಬರೆದುಕೊಟ್ಟಿತು. ಟೈಪಿಸ್ಟ್ ಹೆಂಗಸು ಮೂಲಪತ್ರ ತೆಗೆದು ಬೆಳಕಿಗೆ ಹಿಡಿದರು. ಅಲ್ಲಿದ್ದದ್ದು ಮಸಿ ಮಾಸಿದ ೩೦. ಕೆಳಗೆ ಅಕ್ಷರದಲ್ಲಿ ‘ಒಂದು ಸಾವಿರದ ಇನ್ನೂರು ಚದರಡಿ’ ಎಂದಿತ್ತು. ಯಂತ್ರ ೩ನ್ನು ೨ ಎಂದು ಓದಿ, ಅಮೃತಹಳ್ಳಿಯಂಥ ಜಾಗದಲ್ಲಿ ನಾನೂರು ಚದರಡಿ ನೆಲವನ್ನು ಸದ್ದಿಲ್ಲದೆ ನುಂಗಿಹಾಕಿತ್ತು.

ಮರುದಿನ ಯಜಮಾನರು ಅವರ ಕುರ್ಚಿಯನ್ನು ಹೊಸ ಯಂತ್ರದ ಪಕ್ಕಕ್ಕೆ ಹಾಕಿಸಿದರು. ಅಲ್ಲಿಂದೀಚೆಗೆ ರಿಜಿಸ್ಟರಿನಲ್ಲಿ ಒಂದು ಹೊಸ ಅಂಕಣವಿದೆ: ‘ತಾಳೆ ನೋಡಿದವರು’. ಯಂತ್ರ ಸೆಕೆಂಡಿಗೆ ಎಷ್ಟು ಲಕ್ಷ ಕೋಟಿ ಲೆಕ್ಕ ಮಾಡಿದರೂ, ಆ ಅಂಕಣದಲ್ಲಿ ಅವರ ಸಹಿ ಬೀಳುವ ತನಕ ಕಾಗದ ಕಚೇರಿಯ ಮೆಟ್ಟಿಲಿಳಿಯುವುದಿಲ್ಲ.