ಲಂಡನ್ನಿನ ಮದುವೆ, ಕೊಟ್ಟೂರಿನ ಮಾತು

1981ರ ಜುಲೈ 29ರಂದು ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನಲ್ಲಿ ಚಾರ್ಲ್ಸ್–ಡಯಾನಾ ಮದುವೆಯಾದಾಗ ನಮ್ಮ ಕೊಟ್ಟೂರಿನಲ್ಲಿ ಟಿ.ವಿ. ಇರಲಿಲ್ಲ. ಬೆಂಗಳೂರು ದೂರದರ್ಶನ ಶುರುವಾದದ್ದೇ ಆ ವರ್ಷದ ನವೆಂಬರಿನಲ್ಲಿ. ಜಗತ್ತಿನ ಕೋಟ್ಯಂತರ ಜನ ಕಣ್ಣಾರೆ ಕಂಡ ಮದುವೆಯನ್ನು ನಾವು ರೇಡಿಯೊದ ವಾರ್ತೆಯಲ್ಲಿ ಕೇಳಿದೆವು. ಫೋಟೊಗಳು ಆಮೇಲೆ ಯಾವಾಗಲೋ ಪತ್ರಿಕೆಗಳಲ್ಲಿ ಬಂದವು. ಕಟಿಂಗ್ ಅಂಗಡಿಯ ಬೆಂಚಿನ ಮೇಲೆ ಅವು ಹಾಳೆ ಕಿತ್ತುಹೋಗುವವರೆಗೂ ಇದ್ದವು.

ಡಯಾನಾಳ ಗೌನಿನ ಹಿಂದೆ ಎಳೆದುಕೊಂಡು ಬರುತ್ತಿದ್ದ ಬಟ್ಟೆ 25 ಅಡಿ. ಫೋಟೊ ತೋರಿಸಿದಾಗ ನಮ್ಮಜ್ಜಿಯ ಲಕ್ಷ್ಯ ಹೋದದ್ದು ಅಲ್ಲಿಗೇ: "ಅಷ್ಟುದ್ದ ಅರಿವಿ ನೆಲಕ್ಕ ಹಾಸಿ ತುಳದಾರಲ್ಲೋ, ಒಂದು ಮನಿಮಂದಿಗೆಲ್ಲ ಆಗತಿತ್ತು." ವಧುವಿಗೆ 20, ವರನಿಗೆ 32 ಎಂದರೆ ಯಾರೂ ಹುಬ್ಬೇರಿಸಲಿಲ್ಲ. ಹನ್ನೆರಡು ವರ್ಷದ ಅಂತರ ನಮ್ಮಲ್ಲಿ ಮಾಮೂಲು. ಹುಡುಗಿಗೆ 18 ಆಗಿರಬೇಕೆಂದು 1978ರಲ್ಲೇ ಕಾನೂನು ಬಂದಿತ್ತು. ಕೂಡ್ಲಿಗಿ, ಹರಪನಹಳ್ಳಿ ಸೀಮೆಯ ಹಳ್ಳಿಗಳಿಗೆ ಆ ಸುದ್ದಿ ಡಯಾನಾಳ ಮದುವೆಯಷ್ಟೂ ಮುಟ್ಟಿರಲಿಲ್ಲ. ಇಪ್ಪತ್ತು ತುಂಬಿದವಳನ್ನು ಕಂಡರೆ "ಇನ್ನೂ ಮನ್ಯಾಗ ಅದಾಳ?" ಎನ್ನುತ್ತಿದ್ದರು.

ಆಕೆ ಶಿಶುವಿಹಾರದಲ್ಲಿ ಕೆಲಸ ಮಾಡುತ್ತಿದ್ದಳೆಂದು ಓದಿದ ನಮ್ಮ ಜನ, ಪಾಪದ ಟೀಚರಮ್ಮನಿಗೆ ಅದೃಷ್ಟ ಖುಲಾಯಿಸಿತು ಅಂದುಕೊಂಡರು. ಅದು ಸುಳ್ಳು. ಆಕೆಯ ತಂದೆ ಅರ್ಲ್ ಪದವಿಯ ಶ್ರೀಮಂತ. ಆಕೆ ಹುಟ್ಟಿದ ಮನೆ ರಾಣಿಯ ಸ್ಯಾಂಡ್ರಿಂಗ್‌ಹ್ಯಾಮ್ ಎಸ್ಟೇಟಿನೊಳಗೇ ಇತ್ತು. ಆದರೂ, ಈ ಹುಡುಗಿಗೆ ಯಾವ ಗಂಡಸಿನ ಸಂಬಂಧವೂ ಇರಲಿಲ್ಲವೆಂದು ಆಕೆಯ ಸೋದರಮಾವ ಪತ್ರಿಕೆಗಳ ಮುಂದೆ ಹೇಳಿದ. ಲಂಡನ್ನಿನ ಅರಮನೆಯೂ ಹಡಗಲಿಯ ಬೀಗರೂ ಒಂದೇ ತಕ್ಕಡಿ ಹಿಡಿದಿದ್ದ ಕಾಲ ಅದು.

ನಮ್ಮ ಕಡೆ ದೊಡ್ಡಮನೆಗಳೇನೂ ಕಡಿಮೆಯಿರಲಿಲ್ಲ. ಹರಪನಹಳ್ಳಿಯನ್ನು ಪಾಳೆಯಗಾರರು ಆಳಿದ್ದರು, ಕೂಡ್ಲಿಗಿಯ ಪಕ್ಕದ ಸಂಡೂರಿನಲ್ಲಿ ಘೋರ್ಪಡೆ ಅರಸರಿದ್ದರು, ಹಳ್ಳಿ ಹಳ್ಳಿಗೆ ಗೌಡರ ವಾಡೆಗಳಿದ್ದವು. ಬಡವರ ಮನೆಯ ಹೆಣ್ಣು ಆ ಹೊಸ್ತಿಲು ತುಳಿದು ಸೊಸೆಯಾದ ಕಥೆಯನ್ನು ನಾನು ಕೇಳಿಲ್ಲ. ಆಕೆ ಅಂಥ ಮನೆಯ ಗಂಡಸಿನ ಪಾಲಾಗಲು ಬೇರೆ ದಾರಿಯಿತ್ತು: ಮುತ್ತು ಕಟ್ಟಿ ದೇವರಿಗೆ ಬಿಡುವುದು. ದೇವದಾಸಿ ನಿಷೇಧ ಕಾಯ್ದೆಯನ್ನು ಕರ್ನಾಟಕ ಮಾಡಿದ್ದು ಡಯಾನಾಳ ಮದುವೆಯ ಮರುವರ್ಷ, 1982ರಲ್ಲಿ. ಆಮೇಲೂ ಕದ್ದುಮುಚ್ಚಿ ನಡೆಯಿತು. ಈ ತಾಲ್ಲೂಕುಗಳಲ್ಲಿ ಇಂದಿಗೂ ಮಾಸಾಶನಕ್ಕೆ ಅಲೆಯುವ ಮಾಜಿ ದೇವದಾಸಿಯರಿದ್ದಾರೆ. ಹಾಗಾಗಿ ಅರಮನೆಯ ಸೊಸೆ ಎಂಬ ಮಾತು ಕೇಳಿ ನಾನು ಪುಳಕಗೊಳ್ಳಲಾರೆ.

ನಿಜಕ್ಕೂ ಸಾಮಾನ್ಯರ ಹುಡುಗಿ ಲಂಡನ್ನಿನ ಅರಮನೆಗೆ ಹೋದದ್ದು ಮೂವತ್ತು ವರ್ಷದ ಮೇಲೆ. 2011ರ ಏಪ್ರಿಲ್ 29ರಂದು ಕೇಟ್ ಮಿಡ್ಲ್‌ಟನ್ ಡಯಾನಾಳ ಮಗ ವಿಲಿಯಂನನ್ನು ಮದುವೆಯಾದಾಗ ಕೊಟ್ಟೂರಿನ ಹೋಟೆಲುಗಳಲ್ಲೂ ಟಿ.ವಿ. ಇತ್ತು. ಈಕೆಯ ತಾಯಿ ಗಗನಸಖಿಯಾಗಿದ್ದವಳು, ತಂದೆಗೂ ವಿಮಾನ ಕಂಪನಿಯಲ್ಲೇ ನೌಕರಿ. ಆಮೇಲೆ ಇಬ್ಬರೂ ಮಕ್ಕಳ ಪಾರ್ಟಿಗೆ ಬೇಕಾದ ಸಾಮಾನು ಮಾರುವ ವ್ಯಾಪಾರ ಹೂಡಿದರು. ತಾಯಿಯ ಪೂರ್ವಜರು ಡರ್‌ಹ್ಯಾಮಿನ ಕಲ್ಲಿದ್ದಲು ಗಣಿಯ ಕೂಲಿಗಳು. ಸಂಡೂರು ಗುಡ್ಡದ ಅದಿರು ಲಾರಿಗಳ ಧೂಳು ಕುಡಿಯುತ್ತಿದ್ದ ನಮ್ಮವರಿಗೆ ಹಿಡಿಸಿದ್ದು ಈ ಸಂಗತಿ: ಗಣಿ ಕೂಲಿಯ ವಂಶದವಳು ರಾಣಿಯಾಗುತ್ತಾಳಂತೆ! ತಂದೆಯ ಕಡೆ ಲೀಡ್ಸಿನ ಉಣ್ಣೆ ವ್ಯಾಪಾರಿಗಳ ಹಳೆಯ ದುಡ್ಡಿತ್ತು, ಹುಡುಗಿ ಓದಿದ್ದು ಮಾರ್ಲ್‌ಬರೊದಂಥ ದುಬಾರಿ ಶಾಲೆಯಲ್ಲಿ ಎಂಬುದನ್ನು ಮಾತ್ರ ಟಿ.ವಿ.ಯವರು ಒತ್ತಿ ಹೇಳಲಿಲ್ಲ.

ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ಇಬ್ಬರಿಗೂ ಪರಿಚಯವಾದದ್ದು 2001ರಲ್ಲಿ. ನಡುವೆ 2007ರಲ್ಲಿ ಬಿಟ್ಟರು, ಮತ್ತೆ ಕೂಡಿದರು. ಮದುವೆಗೆ ಮೊದಲೇ ಒಂದೇ ಮನೆಯಲ್ಲಿದ್ದರು. ವಧುವಿಗೆ ಆಗ 29 ವರ್ಷ, ಕೈಯಲ್ಲಿ ಡಿಗ್ರಿ. ಬೆರಳಿಗೆ ಅತ್ತೆಯ ನೀಲದ ಉಂಗುರ. ಸೋದರಮಾವ ಯಾರೂ ಬಂದು ಸಾಕ್ಷಿ ಹೇಳಬೇಕಾಗಲಿಲ್ಲ. ಅರಮನೆ ಉದಾರವಾಯಿತೆಂದು ನಾನು ನಂಬುವುದಿಲ್ಲ. ಡಯಾನಾಳ ಬಾಳು ಹೇಗೆ ಮುಗಿಯಿತೆಂಬುದನ್ನು ಜಗತ್ತು ನೋಡಿತ್ತು. ಇನ್ನೊಮ್ಮೆ ಅಂಥದ್ದು ಅವರಿಗೆ ತಾಳುತ್ತಿರಲಿಲ್ಲ.

ಕೇಟಳ ಕಥೆ ಕರ್ನಾಟಕದ ಮನೆಯೊಂದಕ್ಕೆ ಸಾವಾಗಿ ಬಂತು. 2012ರ ಡಿಸೆಂಬರಿನಲ್ಲಿ ಬಸುರಿ ಕೇಟ್ ವಾಂತಿಯ ತೊಂದರೆಗೆ ಲಂಡನ್ನಿನ ಆಸ್ಪತ್ರೆ ಸೇರಿದ್ದಳು. ಆಸ್ಟ್ರೇಲಿಯಾದ ರೇಡಿಯೊದವರಿಬ್ಬರು ರಾಣಿ, ಚಾರ್ಲ್ಸ್ ಎಂದು ನಟಿಸಿ ಫೋನ್ ಮಾಡಿದರು. ಕರೆಯನ್ನು ನಂಬಿ ವಾರ್ಡಿಗೆ ಕೊಟ್ಟ ನರ್ಸ್ ಜೆಸಿಂತಾ ಸಲ್ಡಾನಾ ನಮ್ಮ ಕರಾವಳಿಯವರು. ಮೂರು ದಿನದಲ್ಲಿ ಪ್ರಾಣ ಕಳೆದುಕೊಂಡರು. ಉಡುಪಿ ಜಿಲ್ಲೆಯ ಶಿರ್ವದಲ್ಲಿ ಮಣ್ಣಾಯಿತು. ಈಗ ನಮ್ಮ ತಾಲ್ಲೂಕುಗಳಿಂದಲೂ ಹುಡುಗಿಯರು ನರ್ಸಿಂಗ್ ಓದಲು ದಾವಣಗೆರೆ, ಬಳ್ಳಾರಿಗೆ ಹೋಗುತ್ತಾರೆ. ಲಂಡನ್ನಿನ ಯಾವ ಬಾಗಿಲು ನಮ್ಮ ಸಾಮಾನ್ಯರ ಮನೆಯ ಹೆಣ್ಣುಮಕ್ಕಳಿಗೆ ತೆರೆದಿದೆ ಎಂದು ಕೇಳಿದರೆ, ಆ ವಾರ್ಡಿನ ಬಾಗಿಲು ಎಂದೇ ಹೇಳಬೇಕು.

ಕೇಟ್ ಮದುವೆಯ ಬೆನ್ನಿಗೇ ಬ್ರಿಟನ್ನಿನ ವಾರಸಿಕೆ ಕಾನೂನು ಬದಲಾಯಿತು. 2013ರಲ್ಲಿ ಕಾಯ್ದೆ, 2015ರಲ್ಲಿ ಜಾರಿ: ಗಂಡು ಹುಟ್ಟಿದರೆ ಅಕ್ಕ ಹಿಂದೆ ಸರಿಯಬೇಕಿಲ್ಲ. 2018ರಲ್ಲಿ ಲೂಯಿ ಹುಟ್ಟಿದರೂ ಅಕ್ಕ ಶಾರ್ಲೆಟ್ ಸಿಂಹಾಸನದ ಸಾಲಿನಲ್ಲಿ ಅವನಿಗಿಂತ ಮುಂದೆಯೇ ಉಳಿದಳು. ಇದನ್ನು ದೊಡ್ಡ ಕ್ರಾಂತಿ ಎಂದು ಬರೆದವರಿಗೆ ಒಂದು ಮಾತು ಹೇಳಬೇಕು. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂಬ ತಿದ್ದುಪಡಿ ಕರ್ನಾಟಕದಲ್ಲಿ ಜಾರಿಗೆ ಬಂದದ್ದು 1994ರಲ್ಲಿ. ಅಷ್ಟರೊಳಗೆ ಮದುವೆಯಾದವರನ್ನು ಅದು ಹೊರಗಿಟ್ಟಿತ್ತು; 2005ರ ಕೇಂದ್ರದ ತಿದ್ದುಪಡಿ ಅವರನ್ನೂ ಒಳಗೆ ತಂದಿತು. ಕಾಗದದ ಮೇಲೆ ನಾವು ವಿಂಡ್ಸರ್ ಮನೆತನಕ್ಕಿಂತ ಮುಂದಿದ್ದೇವೆ.

ಹೊಲದ ಮೇಲೆ ಇಲ್ಲ. ಉಪನೋಂದಣಿ ಕಚೇರಿಯ ಎದುರು ಬಾಂಡ್ ಬರೆಯುವವರ ಮೇಜಿನ ಹತ್ತಿರ ಸ್ವಲ್ಪ ಹೊತ್ತು ನಿಂತರೆ ಸಾಕು. ಅಣ್ಣತಮ್ಮಂದಿರು ತವರಿನ ಹೆಣ್ಣುಮಕ್ಕಳನ್ನು ಕರೆತಂದು, ಒಂದು ಸೀರೆ ಉಡಿಸಿ, ಹಕ್ಕು ಬಿಟ್ಟೆನೆಂದು ಸಹಿ ಹಾಕಿಸುತ್ತಾರೆ. ತವರಿನ ದಾರಿ ಮುಚ್ಚೀತೆಂದು ಆಕೆಯೂ ಹಾಕುತ್ತಾಳೆ. ಓದಿದ ಅಣ್ಣಂದಿರೇ, ಆಕೆಯ ಕೈಗೆ ಪೆನ್ನು ಕೊಡುವ ಮುಂಚೆ ಎಷ್ಟು ಎಕರೆ ಎಂಬುದನ್ನಾದರೂ ಓದಿ ಹೇಳಿ.