ಕಾಳು ನಮಗೆ, ಹುಲ್ಲು ಎತ್ತಿಗೆ

ಕಡೂರಿನ ರಾಗಿ, ತರೀಕೆರೆಯ ಭತ್ತ, ಅಜ್ಜಂಪುರದ ಕಾವಲಿನ ಹುಲ್ಲು. ನಮ್ಮ ಕಡೆಯ ಈ ಮೂರರಲ್ಲೂ ಮುಖ್ಯವಾಗಿ ಇರೋದು ಗ್ಲೂಕೋಸ್ ಅಂದ್ರೆ ನಂಬ್ತೀರಾ? ಮಣಿ ಪೋಣಿಸಿದ ಹಾಗೆ ಸಾವಿರಾರು ಗ್ಲೂಕೋಸ್ ಸೇರಿದ ಉದ್ದನೆಯ ಸರ. ಕಾಳಿನಲ್ಲಿ ಅದರ ಹೆಸರು ಪಿಷ್ಟ, ಹುಲ್ಲಿನಲ್ಲಿ ಸೆಲ್ಯುಲೋಸ್. ಮಣಿ ಅದೇ, ಗಂಟು ಹಾಕಿರೋ ರೀತಿ ಬೇರೆ.

ಪಿಷ್ಟದ ಗಂಟು ಬಿಚ್ಚೋ ಕಿಣ್ವ ನಮ್ಮ ಎಂಜಲಿನಲ್ಲೇ ಇದೆ. ಮುದ್ದೇನ ನಾವು ಅಗಿಯದೇ ನುಂಗೋದ್ರಿಂದ ಆ ಕೆಲಸ ಬಹುಪಾಲು ಸಣ್ಣಕರುಳಿನ ಪಾಲಿಗೆ, ಅಷ್ಟೆ :) ಬಿಡಿಯಾದ ಗ್ಲೂಕೋಸ್ ರಕ್ತದ ಮೂಲಕ ಜೀವಕೋಶ ಸೇರುತ್ತೆ. ಅಲ್ಲಿ ಮೊದಲು ಎರಡು ಹೋಳು. ಆಮೇಲೆ ಮೈಟೋಕಾಂಡ್ರಿಯಾದಲ್ಲಿ, ನಾವು ಎಳೆದುಕೊಂಡ ಆಮ್ಲಜನಕದ ನೆರವಿನಿಂದ, ಇಂಗಾಲದ ಡೈಆಕ್ಸೈಡ್ ಮತ್ತು ನೀರು. ಒಲೆಯಲ್ಲಿ ಸೌದೆ ಉರಿದು ಆಗೋದೂ ಇದೇ. ಆದ್ರೆ ಕೋಶ ಭಗ್ ಅಂತ ಉರಿಸಲ್ಲ, ಹಂತಹಂತವಾಗಿ ಉರಿಸಿ, ಸಿಕ್ಕ ಶಕ್ತಿಯಲ್ಲಿ ಒಂದಷ್ಟನ್ನ ಎಟಿಪಿ ಅನ್ನೋ ಚಿಲ್ಲರೆಯಾಗಿ ಇಟ್ಟುಕೊಳ್ಳುತ್ತೆ. ಒಂದು ಗ್ಲೂಕೋಸಿಗೆ ಸುಮಾರು 30 ಎಟಿಪಿ. ಈ ಎಟಿಪಿಯನ್ನ 1929ರಲ್ಲಿ ಜರ್ಮನಿಯಲ್ಲಿ ಲೋಮನ್, ಅಮೆರಿಕದಲ್ಲಿ ಫಿಸ್ಕೆ ಮತ್ತು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಕಂಡುಹಿಡಿದರು.

ಹುಲ್ಲಿನ ಗಂಟು ಬಿಚ್ಚೋಕೆ ನಮ್ಮಿಂದ ಆಗಲ್ಲ. ತಮಾಷೆ ಅಂದ್ರೆ ಎತ್ತಿನಿಂದಲೂ ಆಗಲ್ಲ! ಅದರ ಮೊದಲ ಹೊಟ್ಟೆಯಲ್ಲಿರೋ ಕೋಟ್ಯಂತರ ಸೂಕ್ಷ್ಮಜೀವಿಗಳು ಗಾಳಿಯಿಲ್ಲದೆಯೇ ಅದನ್ನ ಬಿಚ್ಚಿ ತಿಂದು, ಅಸಿಟಿಕ್‌ನಂಥ ಆಮ್ಲಗಳನ್ನ ಹೊರಗೆ ಬಿಡುತ್ತವೆ. ಎತ್ತಿನ ಜೀವಕೋಶ ಉರಿಸೋದು ಆ ಆಮ್ಲಗಳನ್ನ. ಹೈದರ್, ಟಿಪ್ಪು ಸೈನ್ಯದ ಸಾಮಾನು ಎಳೆದ ಅಮೃತಮಹಲ್ ಎತ್ತುಗಳ ಬಲ ಇದೇ ಲೆಕ್ಕದ್ದು.

ಒಂದು ಬರಗಾಲದಲ್ಲಿ ಬಣವೆ ಮುಗಿದಾಗ ನಮ್ಮಜ್ಜ ಹೇಳಿದ್ದು ನೆನಪಿದೆ: "ರಾಗಿ ಸಾಲ ತರಬಹುದು ಕಣೋ ಮಗ, ಹುಲ್ಲು ಯಾರು ಕೊಡ್ತಾರೆ?" ಮೇವಿಲ್ಲದಾಗ ಕೋಶ ಸುಮ್ಮನಿರಲ್ಲ. ಮೈಯ ಕೊಬ್ಬು ಕರಗಿಸುತ್ತೆ, ಅದು ತೀರುತ್ತಾ ಬಂದ ಹಾಗೆ ಮಾಂಸಖಂಡವನ್ನೇ ಒಡೆದು ಉರಿಸುತ್ತೆ. ಪಕ್ಕೆಲುಬು ಎಣಿಸೋ ಹಾಗಾದ ಆ ಜೋಡಿಯನ್ನ ಅಜ್ಜ ಸಂತೆಗೆ ಹೊಡೆದುಕೊಂಡು ಹೋದರು. ವಾಪಸ್ ಬಂದವರು ಎರಡು ದಿನ ಯಾರ ಹತ್ರಾನೂ ಮಾತಾಡಲಿಲ್ಲ.

ಕಡೂರು ತಾಲೂಕಿನ ಬಾಸೂರು ಕಾವಲು 2011ರಲ್ಲಿ ಸಂರಕ್ಷಿತ ಪ್ರದೇಶ ಆಯ್ತು. ಮರ ಇಲ್ಲದ ಕಾವಲನ್ನ ಪಾಳು ಜಾಗ ಅನ್ನೋರು ಈಗಲೂ ಸಿಗ್ತಾರೆ. ಎತ್ತಿನ ಹೆಗಲಿಗೆ ಬರೋ ಶಕ್ತಿ ಹುಟ್ಟೋದೇ ಅಲ್ಲಿ ಅಂತ ಅವರಿಗೆ ಹೇಳಬೇಕು ಅನ್ಸುತ್ತೆ.

ನಿಮ್ಮೂರಲ್ಲಿ ಬಣವೆ ಒಟ್ಟೋರು ಇನ್ನೂ ಇದ್ದಾರಾ?