ಗಮನವೂ ಸ್ವಾತಂತ್ರ್ಯವೂ

ಭೂಗರ್ಭದಿಂದ ತೆಗೆಯುವ ಎಣ್ಣೆಯು ಅಕ್ಷಯವಾದುದಲ್ಲವೆಂಬುದನ್ನೂ, ಅದು ಮುಗಿಯುವುದಕ್ಕೆ ಮೊದಲೇ ನಾವು ಅದರ ಬಳಕೆಯನ್ನು ತಗ್ಗಿಸದಿದ್ದರೆ ಲೋಕದ ಹವೆಯೇ ಕೆಡುವುದೆಂಬುದನ್ನೂ ಈಗ ಶಾಲೆಯ ಮಕ್ಕಳು ಕೂಡ ಬಲ್ಲರು. ಹಿರಿಯರ ಮಾತುಕತೆಯಲ್ಲಿ ಈ ವಿಷಯವು ಬಂದಾಗಲೆಲ್ಲ ಎರಡು ಬಗೆಯ ಅಭಿಪ್ರಾಯಗಳು ನನ್ನ ಕಿವಿಗೆ ಬೀಳುತ್ತವೆ. ಮೋಟಾರೂ ಎಣ್ಣೆಯೂ ಇಲ್ಲದ ಹಿಂದಿನ ಕಾಲವೇ ಸುಖದ ಕಾಲವಾಗಿತ್ತು, ಆಗ ಹೆಂಗಸರು ದೃಢಕಾಯರಾಗಿಯೂ ಸಂತುಷ್ಟರಾಗಿಯೂ ಇದ್ದರು ಎಂಬುದು ಒಂದು. ಹೆಂಗಸರು ಹೊಸಿಲು ದಾಟಿದುದೇ ಯಂತ್ರವಾಹನಗಳ ದಯೆಯಿಂದ, ಅವು ಹೋದರೆ ಇವರು ಮತ್ತೆ ಅಡಿಗೆಯ ಮನೆಯನ್ನೇ ಸೇರಬೇಕಾದೀತು ಎಂಬುದು ಇನ್ನೊಂದು. ಈ ಎರಡೂ ನನಗೆ ಸಮ್ಮತವಲ್ಲ. ಏಕೆ ಸಮ್ಮತವಲ್ಲವೆಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲನೆಯ ಮಾತನ್ನು ಕೇಳಿದಾಗ ನನಗೆ ನನ್ನ ತಾಯಿಯವರ ನೆನಪಾಗುತ್ತದೆ. ನಮ್ಮದು ಆಗ ಬಸ್ಸು ಬಾರದ ಹಳ್ಳಿ. ಸಿಹಿನೀರಿನ ಬಾವಿಯು ಮನೆಯಿಂದ ಎರಡು ಫರ್ಲಾಂಗು ದೂರದಲ್ಲಿತ್ತು. ಅಮ್ಮ ಬೆಳಗ್ಗೆ ಸಂಜೆ ಸೇರಿ ದಿನಕ್ಕೆ ಎಂಟು ಸಲ ಹೋಗಿಬರುತ್ತಿದ್ದರು. ಲೆಕ್ಕ ಹಾಕಿದರೆ ನಾಲ್ಕು ಮೈಲಿಯಾಗುವುದು. ಅದರಲ್ಲಿ ಅರ್ಧ ದಾರಿ ಸೊಂಟದ ಮೇಲೆ ತುಂಬಿದ ಕೊಡ. ಅವರ ತವರೂರೂ ನಮ್ಮೂರಿಗೆ ನಾಲ್ಕೇ ಮೈಲಿ. ಆದರೆ ತವರಿಗೆ ಹೋಗಬೇಕಾದರೆ ಸೋದರಮಾವ ಗಾಡಿ ಕಟ್ಟಿಸಿಕೊಂಡು ಕರೆಯಲು ಬರಬೇಕು. ತಂದೆಯವರು ಒಳ್ಳೆಯ ದಿನ ನೋಡಿ ಕಳುಹಿಸಿಕೊಡಬೇಕು. ಸುಗ್ಗಿಯಲ್ಲಿ ಎತ್ತಿಗೆ ಬಿಡುವಿಲ್ಲ, ಮಳೆಗಾಲದಲ್ಲಿ ಹಳ್ಳ ದಾಟುವಂತಿಲ್ಲ. ಅಜ್ಜಿಗೆ ಕಾಯಿಲೆ ಹೆಚ್ಚಾಗಿದೆಯೆಂದು ಹೇಳಿಕಳುಹಿಸಿದಾಗ ಗಾಡಿ ದೊರೆಯುವುದಕ್ಕೆ ಎರಡು ದಿನ ಬೇಕಾಯಿತು. ಆ ಎರಡು ದಿನವೂ ಅಮ್ಮ ಕಣ್ಣೊರಸಿಕೊಳ್ಳುತ್ತ ಬಾವಿಗೂ ಮನೆಗೂ ಎಂಟು ಮೈಲಿ ನಡೆದರು. ಗಾಡಿ ತವರಿನ ಬಾಗಿಲಿಗೆ ಹೋಗಿ ನಿಂತಾಗ ಅಜ್ಜಿಗೆ ಮಾತು ನಿಂತುಹೋಗಿತ್ತು.

ಅಮ್ಮನ ಕಾಲುಗಳಲ್ಲಿ ಬಲಕ್ಕೆ ಕೊರತೆಯಿರಲಿಲ್ಲ. ಆ ಕಾಲು ಎತ್ತ ಕಡೆ ಹೋಗಬೇಕೆಂದು ನಿಶ್ಚಯಿಸುವ ಅಧಿಕಾರ ಮಾತ್ರ ಅವರದಾಗಿರಲಿಲ್ಲ. ಎಣ್ಣೆಯಿಲ್ಲದ ಕಾಲವನ್ನು ಹೊಗಳುವವರು ಬೀಸುವ ಕಲ್ಲನ್ನೂ ಒನಕೆಯನ್ನೂ ಹೊಗಳುವರು. ಅವುಗಳ ಹಿಡಿಯು ಯಾರ ಕೈಯಲ್ಲಿತ್ತೆಂಬುದನ್ನು ಹೇಳುವುದಿಲ್ಲ.

ಇದು ಒಂದು ಮನೆಯ ಕಥೆಯೆಂದು ಯಾರೂ ಭಾವಿಸಬಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಅಮೂಲ್ಯ ರೆಡ್ಡಿಯವರು ‘ಅಸ್ತ್ರ’ವೆಂಬ ಹೆಸರಿನಿಂದ, ವಿಜ್ಞಾನವನ್ನು ಹಳ್ಳಿಗಳ ಉಪಯೋಗಕ್ಕೆ ತರುವ ವಿಭಾಗವೊಂದನ್ನು ಆರಂಭಿಸಿದರು. ಹೊಗೆಯನ್ನು ಕೊಳವೆಯಿಂದ ಹೊರಗೆ ಕಳುಹಿಸುವ ‘ಅಸ್ತ್ರ ಒಲೆ’ಯು ಅಲ್ಲಿಂದಲೇ ನಮ್ಮ ಮನೆಗಳಿಗೆ ಬಂದುದು. ಆ ವಿಭಾಗದವರು ಕುಣಿಗಲ್ ತಾಲ್ಲೂಕಿನ ಪುರವೆಂಬ ಹಳ್ಳಿಯ ಬದುಕು ಯಾವ ಯಾವ ಶಕ್ತಿಯಿಂದ ನಡೆಯುತ್ತದೆಂಬುದನ್ನು ಲೆಕ್ಕ ಹಾಕಿದರು. ಸೀಮೆಯೆಣ್ಣೆಯ ದೀಪವನ್ನು ಬಿಟ್ಟರೆ ಆ ಊರಿಗೆ ಎಣ್ಣೆಯ ಹಂಗು ಇಲ್ಲವೆನ್ನುವಷ್ಟಿತ್ತು, ಸೌದೆಯದೇ ಬಹುಪಾಲು. ಉಳಿದುದರಲ್ಲಿ ಎತ್ತಿನ ದುಡಿಮೆ, ಮನುಷ್ಯರ ದುಡಿಮೆ. ಮನುಷ್ಯರ ದುಡಿಮೆಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಹೆಂಗಸರದು; ಗಂಡಸರದು ಮೂರರಲ್ಲೊಂದು ಪಾಲನ್ನೂ ಮುಟ್ಟಲಿಲ್ಲ; ಉಳಿದುದು ಮಕ್ಕಳದು. ಎಣ್ಣೆಯಿಲ್ಲದ ಊರು ತಾನಾಗಿಯೇ ನಡೆಯುವುದಿಲ್ಲ. ಯಾರಾದರೂ ಅದನ್ನು ಹೊರಬೇಕು.

ಇನ್ನು ಎರಡನೆಯ ಅಭಿಪ್ರಾಯ. ಇದನ್ನು ಪರೀಕ್ಷಿಸುವುದಕ್ಕೆ ನಾನು ಕಲಿತ ಶಾಸ್ತ್ರವೇ ನನ್ನ ಸಹಾಯಕ್ಕೆ ಬರುತ್ತದೆ. ಬಾಲ್ಯದಲ್ಲಿ ನಾನು ಓದಿದ ಪಾಠಶಾಲೆಯಲ್ಲಿ ಬೆಳಗ್ಗೆ ಧರ್ಮಶಾಸ್ತ್ರವೂ ಮಧ್ಯಾಹ್ನ ವ್ಯಾಕರಣವೂ ನಡೆಯುತ್ತಿದ್ದುವು. ಸ್ತ್ರೀಗೆ ಸ್ವಾತಂತ್ರ್ಯವು ಸಲ್ಲದೆಂಬ ಮನುವಿನ ಅಭಿಪ್ರಾಯವನ್ನು ಬೆಳಗ್ಗೆ ಬಾಯಿಪಾಠ ಮಾಡುವೆವು. ಕ್ರಿಯೆಯಲ್ಲಿ ಯಾರು ಸ್ವತಂತ್ರರೋ ಅವರೇ ಕರ್ತೃವೆಂಬ ಪಾಣಿನಿಯ ಲಕ್ಷಣವನ್ನು ಮಧ್ಯಾಹ್ನ ಬಾಯಿಪಾಠ ಮಾಡುವೆವು. ಎರಡನ್ನೂ ಸೇರಿಸಿದರೆ ಸ್ತ್ರೀಯು ಯಾವ ಕ್ರಿಯೆಗೂ ಕರ್ತೃವಾಗಲಾರಳೆಂದು ಆಗುವುದಲ್ಲವೆ? ಪುಣ್ಯಕ್ಕೆ ವೈಯಾಕರಣನು ಸ್ಮೃತಿಕಾರನಷ್ಟು ನಿಷ್ಠುರನಲ್ಲ. ‘ಸೀತೆಯು ಹೋಗುತ್ತಾಳೆ’ ಎಂದರೆ ಅವನ ಮತದಲ್ಲಿ ಸೀತೆಯೇ ಕರ್ತೃ, ಸೀತೆಯೇ ಸ್ವತಂತ್ರಳು.

ಪಾಣಿನಿಯಲ್ಲಿ ಇನ್ನೊಂದು ಸೂಕ್ಷ್ಮವುಂಟು. ಒಬ್ಬರು ಇನ್ನೊಬ್ಬರಿಂದ ಅಡಿಗೆ ಮಾಡಿಸಿದರೆ, ಮಾಡುವವರ ಹೆಸರು ತೃತೀಯಾ ವಿಭಕ್ತಿಯಲ್ಲಿ ನಿಲ್ಲುತ್ತದೆ. ಅವರ ಕರ್ತೃತ್ವವು ಪೂರ್ತಿಯಾಗಿ ಅಳಿಯುವುದಿಲ್ಲ. ಆದರೆ ಒಬ್ಬರು ಇನ್ನೊಬ್ಬರನ್ನು ಊರಿಗೆ ಹೋಗುವಂತೆ ಮಾಡಿದರೆ, ಹೋಗುವವರ ಹೆಸರು ದ್ವಿತೀಯೆಗೆ ಇಳಿದು ಕರ್ಮವಾಗಿಬಿಡುತ್ತದೆ. ಗಮನವೇ ಮೊದಲಾದ ಕೆಲವು ಅರ್ಥಗಳ ಧಾತುಗಳಿಗೆ ಇದು ವಿಶೇಷವಿಧಿ. ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಹೇಳಿಕೊಡುತ್ತಿದ್ದಾಗ ಇದನ್ನು ಕನ್ನಡದ ವಾಕ್ಯಗಳಿಂದ ವಿವರಿಸುತ್ತಿದ್ದೆನು. ಒಮ್ಮೆ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, “ಸಾರ್, ನಮ್ಮಪ್ಪ ನನ್ನನ್ನ ದಿನಾ ಬೈಕಲ್ಲಿ ತಂದು ಬಿಡ್ತಾರೆ. ಹಾಗಾದ್ರೆ ನಾನು ಕರ್ಮವಾ ಸಾರ್?” ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು. ಅವಳು ನಗಲಿಲ್ಲ. ಪಕ್ಕದಲ್ಲಿದ್ದವಳನ್ನು ತೋರಿಸಿ, “ಇವಳು ಸೈಕಲ್ಲಲ್ಲಿ ಬರ್ತಾಳೆ, ಇವಳು ಕರ್ತೃ” ಎಂದು ಹೇಳಿ ಕುಳಿತುಕೊಂಡಳು. ನನ್ನ ಅಧ್ಯಾಪನದ ಮೂವತ್ತು ವರ್ಷಗಳಲ್ಲಿ ಆ ವಿಧಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆದಿಲ್ಲ.

ಮನೆಗೆ ಮೋಟಾರು ಬಂದ ಮೇಲೆ ಹೆಂಗಸರು ಹೊರಗೆ ಹೋಗುವುದು ಹೆಚ್ಚಾಯಿತೆಂಬುದು ನಿಜ. ಆದರೆ ಅವರು ಹೋಗುವವರೋ ಒಯ್ಯಲ್ಪಡುವವರೋ ಎಂಬುದನ್ನು ವಿಚಾರಿಸಬೇಕು. ಮನೆಯಲ್ಲಿರುವುದು ಒಂದೇ ವಾಹನವಾದರೆ ಅದರ ಬೀಗದ ಕೈ ಯಾರ ಜೇಬಿನಲ್ಲಿರುವುದು? ಪೆಟ್ರೋಲಿನ ಹಣ ಯಾರ ಕೈಯಿಂದ ಬರುವುದು? ಸಂಪಾದನೆಯಿರುವ ಹೆಣ್ಣುಮಕ್ಕಳು ಸ್ಕೂಟರನ್ನು ತಾವೇ ನಡೆಸಿಕೊಂಡು ಕಛೇರಿಗೆ ಹೋಗುವುದನ್ನು ನಾನು ದಿನವೂ ಸಂತೋಷದಿಂದ ನೋಡುತ್ತೇನೆ. ಅವರು ನಿಸ್ಸಂದೇಹವಾಗಿ ಕರ್ತೃಗಳು. ಸಂಪಾದನೆಯಿಲ್ಲದ ಗೃಹಿಣಿಗೂ ಶಾಲೆಯ ಹುಡುಗಿಗೂ ಮಾತ್ರ ವಾರವಾರವೂ ಪೆಟ್ರೋಲಿಗಾಗಿ ಕೈಯೊಡ್ಡಬೇಕಾದ ವಾಹನವು ಅರ್ಧ ಸ್ವಾತಂತ್ರ್ಯವನ್ನು ಕೊಟ್ಟು ಅರ್ಧವನ್ನು ಹಿಡಿದಿಟ್ಟುಕೊಳ್ಳುತ್ತದೆ. ೨೦೨೩ರ ಜೂನ್ ೧೧ರಂದು ನಮ್ಮ ರಾಜ್ಯದಲ್ಲಿ ಆರಂಭವಾದ ಶಕ್ತಿ ಯೋಜನೆಯು ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರ ಟಿಕೆಟ್ಟಿನ ಹಣವನ್ನು ಬಿಡಿಸಿತು; ಇದು ದೊಡ್ಡ ಉಪಕಾರವೇ ಸರಿ. ಆದರೂ ಬಸ್ಸು ಹೊರಡುವ ಹೊತ್ತಿಗೆ ನಾವು ಹೊರಡಬೇಕು, ಅದು ನಿಲ್ಲುವ ಕಡೆಯಿಂದ ಮುಂದಿನ ಎರಡು ಮೈಲಿಯನ್ನು ನಾವೇ ಸಾಗಬೇಕು.

ಹಣವನ್ನೂ ಕೇಳದೆ ಅಪ್ಪಣೆಯನ್ನೂ ಕೇಳದೆ, ಏರಿದವರ ಕಾಲಿನ ಬಲದಿಂದಲೇ ಅವರನ್ನು ಗುರಿ ಮುಟ್ಟಿಸುವ ವಾಹನವೊಂದುಂಟು. ಅದೇ ಬೈಸಿಕಲ್ಲು. ಇಂಗ್ಲೆಂಡಿನಲ್ಲಿ ೧೮೮೫ರಲ್ಲಿ ಸ್ಟಾರ್ಲಿಯೆಂಬವನು ಹೆಚ್ಚುಕಡಿಮೆ ಸಮನಾದ ಎರಡು ಗಾಲಿಗಳ ಬೈಸಿಕಲ್ಲನ್ನು ಮಾರಾಟಕ್ಕೆ ತಂದನು. ೧೮೮೮ರಲ್ಲಿ ಡನ್‌ಲಪ್ಪನು ಗಾಳಿ ತುಂಬಿದ ಟೈರಿಗೆ ಹಕ್ಕುಪತ್ರ ಪಡೆದನು. ಹತ್ತು ವರ್ಷಗಳೊಳಗಾಗಿ ಅಲ್ಲಿಯ ಹೆಂಗಸರು ಅದನ್ನು ತಮ್ಮದಾಗಿ ಮಾಡಿಕೊಂಡರು. ಅದನ್ನು ಕಂಡು ಗಂಡಸರಿಗೆ ಹುಟ್ಟಿದ ಕಳವಳವೂ ಅಷ್ಟೇ ದೊಡ್ಡದು. ೧೮೯೭ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯದಲ್ಲಿ ಸ್ತ್ರೀಯರಿಗೆ ಪದವಿಯನ್ನು ಕೊಡಬೇಕೆ ಬೇಡವೆ ಎಂಬ ಮತದಾನ ನಡೆದಾಗ, ಕೊಡಬಾರದೆಂದ ವಿದ್ಯಾರ್ಥಿಗಳು ಬೈಸಿಕಲ್ಲನ್ನೇರಿದ ಹೆಣ್ಣಿನ ಬೊಂಬೆಯೊಂದನ್ನು ಬೀದಿಯ ಮೇಲೆ ತೂಗುಹಾಕಿದರು. ಓದುವ ಹೆಣ್ಣನ್ನು ಅಣಕಿಸಬೇಕಾದವರು ಅವಳ ಕೈಗೆ ಪುಸ್ತಕವನ್ನು ಕೊಟ್ಟು ಸುಮ್ಮನಾಗದೆ ಸೈಕಲ್ಲಿನ ಮೇಲೇ ಕೂರಿಸಿದರೆಂಬುದು ಗಮನಿಸತಕ್ಕ ವಿಷಯ. ವಿದ್ಯೆಗಿಂತಲೂ ಅವರಿಗೆ ಭಯಂಕರವಾಗಿ ಕಂಡುದು ಚಲನೆ. ಅಲ್ಲಿ ಸ್ತ್ರೀಯರಿಗೆ ಪೂರ್ಣ ಪದವಿ ದೊರೆತುದು ೧೯೪೮ರಲ್ಲಿ.

ನಮ್ಮ ದೇಶದ ಉದಾಹರಣೆಗಳು ಇದಕ್ಕಿಂತಲೂ ಹೃದ್ಯವಾಗಿವೆ. ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ ೧೯೯೧ರ ಸುಮಾರಿಗೆ ಸಾಕ್ಷರತೆಯ ಆಂದೋಲನ ನಡೆಯಿತು. ಆಗ ಅಲ್ಲಿ ಕಲೆಕ್ಟರಾಗಿದ್ದ ಶೀಲಾ ರಾಣಿ ಚುಂಕತ್ ಅವರ ಪ್ರೋತ್ಸಾಹದಿಂದ, ಅಕ್ಷರದ ಜೊತೆಯಲ್ಲಿಯೇ ಹಳ್ಳಿಯ ಹೆಂಗಸರಿಗೆ ಸೈಕಲ್ಲನ್ನೂ ಕಲಿಸಿದರು. ಗದ್ದೆಯ ಕೂಲಿಗಳು, ಕಲ್ಲುಗಣಿಯ ಕೆಲಸದವರು, ಅಂಗನವಾಡಿಯವರು, ದಾದಿಯರು ಹೀಗೆ ಹತ್ತಾರು ಸಾವಿರ ಜನ ಕಲಿತರು. ೧೯೯೨ರಲ್ಲಿ ಒಂದೂವರೆ ಸಾವಿರಕ್ಕೂ ಹೆಚ್ಚು ಹೆಂಗಸರು ಸೈಕಲ್ಲುಗಳಿಗೆ ಬಾವುಟ ಕಟ್ಟಿ ಗಂಟೆ ಬಾರಿಸುತ್ತ ಪಟ್ಟಣದಲ್ಲಿ ಮೆರವಣಿಗೆ ಹೋದರು. ಹೆಂಗಸರ ಸೈಕಲ್ಲು ಸಾಲದೆ ಬಂದಾಗ ಅವರು ಗಂಡಸರ ಸೈಕಲ್ಲನ್ನೇ ಏರಿದರು. ಮುಂದಿನ ಅಡ್ಡಕಂಬಿಯ ಮೇಲೆ ಮಗುವನ್ನು ಕೂರಿಸಿಕೊಳ್ಳಬಹುದೆಂದು ಅದನ್ನೇ ಮೆಚ್ಚಿದವರೂ ಇದ್ದರು.

ಬಿಹಾರದ ಸರ್ಕಾರವು ೨೦೦೬ರಲ್ಲಿ ಒಂಬತ್ತನೆಯ ತರಗತಿಗೆ ಸೇರಿದ ಹುಡುಗಿಯರಿಗೆ ಸೈಕಲ್ಲಿಗಾಗಿ ೨,೦೦೦ ರೂಪಾಯಿ ಕೊಡುವ ಯೋಜನೆಯನ್ನು ಆರಂಭಿಸಿತು. ಕಾರ್ತಿಕ್ ಮುರಳೀಧರನ್, ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅದರ ಫಲವನ್ನು ಪರೀಕ್ಷಿಸಿ ೨೦೧೭ರಲ್ಲಿ ಪ್ರಕಟಿಸಿದರು. ತಕ್ಕ ವಯಸ್ಸಿನಲ್ಲಿ ಪ್ರೌಢಶಾಲೆಗೆ ಸೇರುವ ಹುಡುಗಿಯರ ಸಂಖ್ಯೆಯು ನೂರಕ್ಕೆ ೩೨ರಷ್ಟು ಹೆಚ್ಚಿತು. ಹುಡುಗರಿಗೂ ಹುಡುಗಿಯರಿಗೂ ಇದ್ದ ಅಂತರವು ನೂರಕ್ಕೆ ೪೦ರಷ್ಟು ತಗ್ಗಿತು. ಈ ಏರಿಕೆಯು ಮುಖ್ಯವಾಗಿ ಕಂಡುಬಂದುದು ಶಾಲೆ ದೂರವಾಗಿದ್ದ ಹಳ್ಳಿಗಳಲ್ಲಿ. ಹುಡುಗಿಯರು ಶಾಲೆಯನ್ನು ಬಿಡುತ್ತಿದ್ದುದು ಬುದ್ಧಿಯ ಕೊರತೆಯಿಂದಲ್ಲ, ಮೂರು ನಾಲ್ಕು ಕಿಲೋಮೀಟರಿನ ದೂರದಿಂದ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಅದೇ ಸುಮಾರಿಗೆ, ೨೦೦೬–೦೭ರಲ್ಲಿ, ಕರ್ನಾಟಕದಲ್ಲಿಯೂ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಹಂಚುವುದು ಮೊದಲಾಯಿತು. ಅದರ ಪರಿಣಾಮವನ್ನು ನಾನು ಶಾಲೆಯ ಅಂಗಳದಲ್ಲಿಯೇ ಕಂಡೆನು. ಅದಕ್ಕೆ ಮುಂಚೆ ದೂರದ ಹಳ್ಳಿಗಳ ಹುಡುಗಿಯರು ಏಳನೆಯ ತರಗತಿ ಮುಗಿದೊಡನೆ ಕಾಣೆಯಾಗುತ್ತಿದ್ದರು; ಅನಂತರ ನಾಲ್ಕು ನಾಲ್ಕು ಜನ ಗುಂಪು ಕಟ್ಟಿಕೊಂಡು, ಚೀಲವನ್ನು ಬುಟ್ಟಿಯಲ್ಲಿಟ್ಟು, ಮಾತಾಡುತ್ತ ಬರತೊಡಗಿದರು. ಸಂಜೆ ಹಿಂದಿರುಗುವಾಗ ಅಂಗಡಿಯಲ್ಲಿ ನಿಂತು ಮನೆಗೆ ಬೇಕಾದ ಸಾಮಾನು ಕೊಳ್ಳುವರು, ಗ್ರಂಥಾಲಯಕ್ಕೆ ಹೋಗುವರು. ೨೦೨೦ರಲ್ಲಿ ಮಹಾಮಾರಿ ಬಂದು ಶಾಲೆಗಳು ಮುಚ್ಚಿದಾಗ ಈ ಹಂಚಿಕೆಯೂ ನಿಂತಿತು.

ಆದರೆ ಸೈಕಲ್ಲನ್ನು ಕೊಟ್ಟ ಮಾತ್ರಕ್ಕೆ ಎಲ್ಲವೂ ಆಯಿತೆಂದು ನಾನು ಹೇಳಲಾರೆನು. ಹಿಂದೆ ಹೆಣ್ಣುಮಕ್ಕಳನ್ನು ಒಬ್ಬರೇ ಕಳುಹಿಸಲು ಹಿರಿಯರು ಲೋಕಾಪವಾದಕ್ಕೆ ಅಂಜುತ್ತಿದ್ದರು. ಈಗ ಲಾರಿಗಳಿಗೂ ಕಾರುಗಳಿಗೂ ಅಂಜುತ್ತಾರೆ. ಅಗಲಮಾಡಿದ ಹೆದ್ದಾರಿಯಲ್ಲಿ ಕಾಲುನಡಿಗೆಯವರಿಗೂ ಸೈಕಲ್ಲಿನವರಿಗೂ ಒಂದು ಮೊಳ ಜಾಗ ಉಳಿಯುವುದಿಲ್ಲ. ಕಾರಿನಲ್ಲಿ ಒಯ್ಯಲ್ಪಡುವ ಒಬ್ಬಳ ಸುಖಕ್ಕಾಗಿ ತಾನೇ ಹೋಗಬಲ್ಲ ಹತ್ತು ಜನರ ದಾರಿ ಮುಚ್ಚಬಾರದು. ರಸ್ತೆಯ ಪಕ್ಕದಲ್ಲಿ ಬೇರೆ ಹಾದಿ, ಸಂಜೆಯ ಹೊತ್ತಿಗೆ ದೀಪ, ಕಾಲಿನ ಅಳವಿನಲ್ಲಿ ಶಾಲೆಯೂ ಔಷಧಾಲಯವೂ: ಇಷ್ಟನ್ನು ಪಂಚಾಯಿತಿಯೂ ಪುರಸಭೆಯೂ ಮಾಡಿಕೊಟ್ಟರೆ ಎಣ್ಣೆಯ ಬೆಲೆ ಏರಿದಾಗ ನಾವು ಇಷ್ಟೊಂದು ಹೆದರಬೇಕಾಗಿಲ್ಲ. ರೋಗಿಗೂ ಬಸುರಿಗೂ ಮೋಟಾರು ಬೇಕು. ಅದನ್ನು ಅವರಿಗಾಗಿಯೇ ಉಳಿಸೋಣ.

ಹಾಗೆಯೇ ಹೊರೆಯನ್ನು ಇಳಿಸದೆ ದಾರಿಯನ್ನು ಮಾತ್ರ ತೆರೆದರೆ ಫಲವಿಲ್ಲ. ಪುರದ ಹಳ್ಳಿಯಲ್ಲಿ ೧೯೮೦ರ ದಶಕದಲ್ಲಿ ಊರಿನ ದನಗಳ ಸೆಗಣಿಯನ್ನು ಒಂದೆಡೆ ಸೇರಿಸಿ, ಅದರ ಅನಿಲದಿಂದ ಎಂಜಿನನ್ನು ನಡೆಸಿ, ಮನೆಗಳಿಗೆ ದೀಪವನ್ನೂ ಕೊಳವೆಯ ನೀರನ್ನೂ ಕೊಟ್ಟರು. ಡೀಸೆಲ್ಲು ಅಷ್ಟಿಷ್ಟು ಬೇಕಾಯಿತು, ಬಹುಪಾಲು ಉಳಿಯಿತು. ಎಣ್ಣೆಯ ಬಳಕೆಯನ್ನು ತಗ್ಗಿಸುವುದೆಂದರೆ ಕೊಡವನ್ನು ಮತ್ತೆ ಹೆಂಗಸರ ಸೊಂಟಕ್ಕೆ ಏರಿಸುವುದೆಂದೇ ಅರ್ಥವಲ್ಲ ಎಂಬುದಕ್ಕೆ ಇದು ನಮ್ಮ ಸೀಮೆಯದೇ ನಿದರ್ಶನ.

ಈ ಮಾಸಿಕವನ್ನು ಓದುವ ಗೃಹಸ್ಥರಲ್ಲಿ ನನ್ನದೊಂದು ಬಿನ್ನಹವಿದೆ. ಸರ್ಕಾರವು ಕೊಡಲಿ ಬಿಡಲಿ, ಮನೆಯ ಹೆಣ್ಣುಮಗುವಿಗೆ ಹತ್ತು ವರ್ಷವಾಗುವುದರೊಳಗೆ ಸೈಕಲ್ಲನ್ನು ಕಲಿಸಿರಿ. ಚಕ್ರಕ್ಕೆ ಗಾಳಿ ತುಂಬುವುದನ್ನೂ ಕಳಚಿದ ಸರಪಣಿಯನ್ನು ಏರಿಸುವುದನ್ನೂ ಅವಳೇ ಮಾಡಲಿ. ಸೊಸೆಯು ಕಲಿಯಬೇಕೆಂದರೆ ಈ ವಯಸ್ಸಿನಲ್ಲಿ ಇದೇಕೆಂದು ಕೇಳಬೇಡಿರಿ; ಪುದುಕ್ಕೋಟ್ಟೈಯಲ್ಲಿ ಕಲಿತವರಲ್ಲಿ ಮಕ್ಕಳೊಂದಿಗರೂ ಇದ್ದರು. ಅವಳು ತವರಿಗೆ ಹೊರಟಾಗ ಯಾವಾಗ ಬರುವೆಯೆಂದು ಕೇಳುವುದು ಪ್ರೀತಿ. ಯಾರು ಕರೆದುಕೊಂಡು ಹೋಗುವರೆಂದು ಕೇಳುವ ವಾಡಿಕೆ ಇನ್ನು ನಿಂತರೆ ಸಾಕು.